ಹೆಡ್‌ಫೋನು ಸತ್ತ ಮಧ್ಯಾಹ್ನ

ರೀಚಾರ್ಜ್ ಸೆಲ್ಲುಗಳನ್ನು ಹೇಗೆ ಸಾಕಬೇಕು ಎಂಬ ಬಗ್ಗೆ ನನ್ನಷ್ಟು ಉಪದೇಶ ಕೊಟ್ಟವರು ಆಗ ಹುಬ್ಬಳ್ಳಿಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ರೇಡಿಯೋ, ಟೇಪ್ ರಿಕಾರ್ಡರ್ ರಿಪೇರಿಯ ಸಣ್ಣ ಅಂಗಡಿ ನನ್ನದು. ಗಿರಾಕಿ ಬಂದು ನಿಂತರೆ ಸಾಕು, ಪೂರ್ತಿ ಖಾಲಿಯಾಗುವವರೆಗೆ ಬಳಸಿ, ಆಮೇಲೆ ಪೂರ್ತಿ ತುಂಬಿಸಿ, ನಡುನಡುವೆ ಚಾರ್ಜಿಗೆ ಚುಚ್ಚಿ ಕೀಳಬೇಡಿ, ಹಾಗೆ ಮಾಡಿದರೆ ಸೆಲ್ಲು ತನ್ನ ಹೊಟ್ಟೆ ಎಷ್ಟು ದೊಡ್ಡದು ಎಂಬುದನ್ನೇ ಮರೆತುಬಿಡುತ್ತದೆ ಎಂದು ಶುರು ಮಾಡುತ್ತಿದ್ದೆ. ಅವರು ಹೂಂ ಹೂಂ ಎನ್ನುತ್ತ ಚಿಲ್ಲರೆಗೆ ಕೈ ಚಾಚುತ್ತಿದ್ದರು. ನನ್ನ ಸ್ವಂತ ಸೆಲ್ಲುಗಳ ಗತಿ ಮಾತ್ರ ದೇವರಿಗೇ ಪ್ರೀತಿ. ಕರೆಂಟು ಬಂದಾಗ ಚುಚ್ಚುವುದು, ಹೋದಾಗ ಕೀಳುವುದು, ಊಟಕ್ಕೆ ಏಳುವಾಗ ಮತ್ತೆ ಚುಚ್ಚುವುದು, ಒಮ್ಮೊಮ್ಮೆ ಮರೆತು ದಿನಗಟ್ಟಲೆ ಹಾಗೇ ಬಿಡುವುದು. ಇದು ಉಪದೇಶಕರ ಪದ್ಧತಿ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು ಇದು. ಹೊಸ ಸೆಟ್ಟುಗಳು ಅಗ್ಗಕ್ಕೆ ಸಿಗತೊಡಗಿ ರಿಪೇರಿಯ ಕೆಲಸ ಇಳಿದಿತ್ತು. ಮುಂಬೈಯಿಂದ ಹಳೆ ಸಾಮಾನು ತರುತ್ತಿದ್ದ ಪರಿಚಯದವರೊಬ್ಬರ ಹತ್ತಿರ ನಾನೊಂದು ಮೆಟಲ್ ಡಿಟೆಕ್ಟರ್ ಕೊಂಡೆ. ಉದ್ದನೆಯ ಕೋಲು, ತುದಿಗೆ ಊಟದ ತಾಟಿನಷ್ಟು ಅಗಲದ ಸುರುಳಿ, ಹಿಡಿಕೆಯ ಹತ್ತಿರ ಒಂದು ಪೆಟ್ಟಿಗೆ. ಸಾಮಿಲ್ಲಿನವರು ಕಟ್ಟಿಗೆ ಕೊಯ್ಯುವ ಮೊದಲು ದಿಮ್ಮಿಯೊಳಗೆ ಹಳೆ ಮೊಳೆ ಇದೆಯೇ ಎಂದು ನೋಡಲು ನನ್ನನ್ನು ಕರೆಯುತ್ತಿದ್ದರು. ಮಣ್ಣಲ್ಲಿ ಹೂತ ನಲ್ಲಿಯ ವಾಲ್ವು, ಯಾರದೋ ಅಂಗಳದಲ್ಲಿ ಬಿದ್ದ ಕಾಲುಂಗುರ, ಇಂಥವನ್ನೂ ಹುಡುಕಿಕೊಟ್ಟಿದ್ದೆ. ಅಂಗಡಿ ನಡೆಯದಿದ್ದರೂ ಹೆಸರು ನಡೆಯುತ್ತಿತ್ತು. ಆ ಹೆಸರಿನ ರುಚಿ ನನಗೆ ಚೆನ್ನಾಗಿಯೇ ಹತ್ತಿತ್ತು.

ಪೆಟ್ಟಿಗೆಯ ಸ್ಪೀಕರ್ ಹರಿದಿತ್ತು. ಸದ್ದು ಕೇಳಬೇಕೆಂದರೆ ಹೆಡ್‌ಫೋನು ಬೇಕೇ ಬೇಕು. ವೈರಿನದೊಂದು ಇತ್ತು, ಆದರೆ ಅದು ಕಾಲಿಗೆ ತೊಡರುತ್ತದೆಂದು ನೆಪ ಹೇಳಿಕೊಂಡು ವೈರ್‌ಲೆಸ್ ಹೆಡ್‌ಫೋನು ತರಿಸಿದೆ. ಬೆಂಕಿಪೊಟ್ಟಣದಷ್ಟು ದೊಡ್ಡ ಟ್ರಾನ್ಸ್‌ಮಿಟರನ್ನು ಪೆಟ್ಟಿಗೆಗೆ ಸಿಕ್ಕಿಸಿದರೆ ಸದ್ದು ಗಾಳಿಯಲ್ಲಿ ಬಂದು ಕಿವಿಗೆ ಬೀಳುತ್ತಿತ್ತು. ಯಂತ್ರ ಜೀವಂತ ಇರುವವರೆಗೆ ಕಿವಿಯಲ್ಲಿ ಒಂದು ಸಣ್ಣ ಗುಂಯ್ ಇದ್ದೇ ಇರುತ್ತದೆ. ಲೋಹ ಸಿಕ್ಕರೆ ಅದು ಚೀರುತ್ತದೆ. ಅದೇ ಟ್ರಾನ್ಸ್‌ಮಿಟರು ಕಿಸೆಯ ರೇಡಿಯೋಗೂ ಕೂಡುತ್ತಿತ್ತು. ಬಸ್ಸಿನಲ್ಲಿ, ಸಂತೆಯಲ್ಲಿ, ವೈರೇ ಇಲ್ಲದ ಡೊಳ್ಳುಗಳೆರಡನ್ನು ಕಿವಿಗೆ ಹಾಕಿಕೊಂಡು ಕ್ರಿಕೆಟ್ ಕಾಮೆಂಟರಿ ಕೇಳುತ್ತ ನಾನು ಓಡಾಡುವುದನ್ನು ಜನ ತಿರುತಿರುಗಿ ನೋಡುತ್ತಿದ್ದರು. ಅವರು ನೋಡಲಿ ಎಂದೇ ನಾನು ಹಾಕಿಕೊಳ್ಳುತ್ತಿದ್ದೆ. ಮೊದಮೊದಲು ಬೆಳಿಗ್ಗೆಯಿಂದ ಸಂಜೆಯವರೆಗೆ ಬರುತ್ತಿದ್ದ ಹೆಡ್‌ಫೋನಿನ ಸೆಲ್ಲುಗಳು ನನ್ನ ಸಾಕಣೆಯಲ್ಲಿ ಸೊರಗಿ, ಆ ಚಳಿಗಾಲದ ಹೊತ್ತಿಗೆ ಅರ್ಧ ದಿನಕ್ಕೇ ಮಲಗತೊಡಗಿದ್ದವು.

ನನ್ನ ಅಕ್ಕನನ್ನು ನವಲಗುಂದದ ಕಡೆಯ ಒಂದು ಹಳ್ಳಿಗೆ ಕೊಟ್ಟಿತ್ತು. ಎಳ್ಳ ಅಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮಾಡಿದ ಅಡಿಗೆಯನ್ನೆಲ್ಲ ಕಲಸಿ ಬೆಳೆಯ ನಡುವೆ ಚರಗ ಚೆಲ್ಲುವುದು ನಮ್ಮ ಕಡೆಯ ಪದ್ಧತಿ. ಆ ಮನೆಯಲ್ಲಿ ಚರಗ ಚೆಲ್ಲುತ್ತಿದ್ದವರು ಅಕ್ಕನ ಅತ್ತೆ. ಆ ವರ್ಷ ಅವರ ಭುಜ ಹಿಡಿದುಕೊಂಡಿತ್ತು. ಇನ್ನು ಮೇಲೆ ನೀನೇ ಚೆಲ್ಲು ಎಂದು ತಮ್ಮ ಬೆರಳಿನ ಉಂಗುರವನ್ನೂ ತೆಗೆದು ಅಕ್ಕನ ಬೆರಳಿಗೆ ಹಾಕಿದರಂತೆ. ಅದು ಅವರ ಅತ್ತೆ ಅವರಿಗೆ ಹಾಕಿದ್ದ ಉಂಗುರ. ಅಕ್ಕನಿಗೆ ತುಸು ಸಡಿಲ. ಕೈತುಂಬ ತುಪ್ಪ, ಮೊಸರನ್ನ. ಹುಮ್ಮಸ್ಸಿನಿಂದ ಬೀಸಿ ಬೀಸಿ ಚೆಲ್ಲಿದಳು. ಕೈ ತೊಳೆಯಲು ಹೋದಾಗ ಬೆರಳು ಬರಿದಾಗಿತ್ತು.

ಜೋಳ ಎದೆಯೆತ್ತರ ನಿಂತ ಎರೆ ಹೊಲ. ಮನೆಮಂದಿಯೆಲ್ಲ ಬಗ್ಗಿ ಹುಡುಕಿದರೂ ಸಿಗಲಿಲ್ಲ. ಅತ್ತೆ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಸಂಜೆ, ನಿನ್ನ ತಮ್ಮನ ಅಂಗಡಿ ಈಗ ಹೇಗೆ ನಡೆದಿದೆ ಎಂದು ಕೇಳಿದರಂತೆ. ಅಷ್ಟು ಕೇಳಿದ್ದೇ ಅಕ್ಕನಿಗೆ ಸಾಕಾಯಿತು. ಮರುದಿನ ಎಸ್‌ಟಿಡಿ ಬೂತಿನಿಂದ ಅಂಗಡಿಯ ಪಕ್ಕದ ಔಷಧದಂಗಡಿಗೆ ಫೋನು ಮಾಡಿ ನನ್ನನ್ನು ಕರೆಸಿ, ಉಂಗುರವನ್ನು ನಾನೇ ತವರಿಗೆ ಸಾಗಿಸಿದೆನೆಂದು ಅತ್ತೆಗೆ ಅನುಮಾನ, ನೀನು ನಿನ್ನ ಮಷೀನು ತಗೊಂಡು ಬಾ ಎಂದಳು. ಅವ್ವ ಹೋದ ಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿ ಶಾಲೆಗೆ ಕಳಿಸಿದವಳು ಅವಳು. ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು.

ರವಿವಾರ ಹೋದೆ. ಬೆಳಿಗ್ಗೆ ಹೊರಡುವಾಗ ಸೆಲ್ಲುಗಳನ್ನು ಚಾರ್ಜರಿನಿಂದ ಕಿತ್ತುಕೊಂಡೇ ಹೋಗಿದ್ದೆ, ಸುಳ್ಳಲ್ಲ. ಆದರೆ ಹಿಂದಿನ ರಾತ್ರಿ ಎಷ್ಟು ಹೊತ್ತು ಕರೆಂಟು ಇತ್ತೋ ನೋಡಿರಲಿಲ್ಲ. ಮೇಲಾಗಿ ಅಂದು ಮ್ಯಾಚು ಇತ್ತು. ಬಸ್ಸು ಹತ್ತಿದವನು ಊರು ಬರುವವರೆಗೆ ಹೆಡ್‌ಫೋನು ಇಳಿಸಲಿಲ್ಲ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಾಗಲೂ ಕೆಳಗಿಳಿದು ಕಾಮೆಂಟರಿ ಕೇಳುತ್ತಲೇ ಇದ್ದೆ. ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಹೊಲದಲ್ಲಿ ಜಾತ್ರೆಯಷ್ಟು ಜನ. ಅಕ್ಕಪಕ್ಕದ ಹೊಲದವರೆಲ್ಲ ಮಷೀನು ನೋಡಲು ಬದುವಿನ ಮೇಲೆ ಕೂತಿದ್ದರು. ನಾನು ಸಾಲು ಹಿಡಿದು ಸುರುಳಿ ಬೀಸುತ್ತ ನಡೆದೆ. ಒಂದು ಕುಡುಗೋಲಿನ ತುಂಡು ಸಿಕ್ಕಿತು, ಎತ್ತಿನ ಕಾಲಿನ ಲಾಳದ ಚೂರೊಂದು ಸಿಕ್ಕಿತು. ಎತ್ತಿ ತೋರಿಸಿದಾಗ ಜನ ಹೋ ಎಂದರು. ಆಮೇಲೆ ಏನೂ ಸಿಗಲಿಲ್ಲ. ಕಿವಿಯಲ್ಲಿ ಬಹಳ ಶಾಂತಿ ಇದೆಯಲ್ಲ ಎಂದು ಒಮ್ಮೆ ಅನಿಸಿದ್ದು ನೆನಪಿದೆ. ಗುಂಯ್ ಎನ್ನುವುದಕ್ಕೆ ಕಿವಿ ಒಗ್ಗಿಹೋಗಿರಬೇಕು ಅಂದುಕೊಂಡು ಮುಂದೆ ನಡೆದೆ. ಬಿಸಿಲೇರಿತ್ತು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ನಾನು ಗಂಭೀರವಾಗಿ ತಲೆಯಾಡಿಸುತ್ತ ಕೊನೆಯ ಸಾಲನ್ನೂ ಮುಗಿಸಿದೆ.

ಬದುವಿನ ಹತ್ತಿರ ಬಂದು ಹೆಡ್‌ಫೋನು ಇಳಿಸಿದಾಗ ಅದರ ಕೆಂಪು ದೀಪ ಆರಿತ್ತು. ಯಾವ ಸಾಲಿನಲ್ಲಿ ಸತ್ತಿತೋ ಏನೋ. ಕಾಲು ಹೊಲ ನೋಡಿದ್ದೆನೋ, ಅರ್ಧವೋ, ನನಗೇ ಗೊತ್ತಿರಲಿಲ್ಲ. ವೈರಿನ ಹೆಡ್‌ಫೋನು ಅಂಗಡಿಯಲ್ಲಿತ್ತು. ಬನ್ನಿ ಗಿಡದ ನೆರಳಿನಲ್ಲಿ ಅಕ್ಕ ಸೆರಗನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಅವಳ ಪಕ್ಕದಲ್ಲಿದ್ದ ಅತ್ತೆ ಕೇಳಿದರು:

“ಎಲ್ಲಾ ನೋಡಿದ್ರೇನ್ರಿ?”

ಬ್ಯಾಟರಿ ಸತ್ತಿದೆ, ಇನ್ನೊಮ್ಮೆ ಬರಬೇಕು ಎಂದರೆ ಮುಗಿಯುತ್ತಿತ್ತು. ಅಷ್ಟು ಜನರ ಮುಂದೆ, ಸೆಲ್ಲಿನ ಉಪದೇಶಕನಾದ ನನಗೆ, ಆ ಮಾತು ಬಾಯಿಂದ ಹೊರಡಲಿಲ್ಲ.

“ಒಂದು ಗೇಣೂ ಬಿಟ್ಟಿಲ್ರಿ ಅವ್ವಾರ. ಈ ಹೊಲದಾಗ ಇಲ್ರಿ,” ಅಂದೆ.

ಅವರು ಹೊಲದ ಕಡೆ ನೋಡಲಿಲ್ಲ. ಅಕ್ಕನ ಕಡೆ ನೋಡಿದರು. ಅಕ್ಕ ನನ್ನ ಕಡೆ ನೋಡಿದಳು.

ವಾರದೊಳಗೆ ಸದ್ದಿಲ್ಲದೆ ಬಂದು ಮತ್ತೆ ಹುಡುಕಿದರಾಯಿತು ಎಂದು ಬಸ್ಸಿನಲ್ಲಿ ನನಗೆ ನಾನೇ ಮಾತು ಕೊಟ್ಟುಕೊಂಡೆ. ಆ ವಾರ ಸಾಮಿಲ್ಲಿನಲ್ಲಿ ಕೆಲಸ ಬಂತು. ಮುಂದಿನ ವಾರ ಇನ್ನೇನೋ. ಮತ್ತೆ ಹೋಗಬೇಕೆಂದರೆ ಯಾಕೆ ಬಂದೆ ಎಂದು ಹೇಳಬೇಕಾಗುತ್ತಿತ್ತಲ್ಲ. ಜೋಳದ ಸುಗ್ಗಿ ಮುಗಿಯಿತು, ಬೇಸಿಗೆಗೆ ಎರೆ ಮಣ್ಣು ಬಾಯಿಬಿಟ್ಟಿತು. ಆ ಬಿರುಕುಗಳಲ್ಲಿ ಕೈಯೇ ಇಳಿಯುತ್ತದೆ, ಉಂಗುರ ಯಾವ ಲೆಕ್ಕ. ಅಷ್ಟರಲ್ಲಿ ಅಕ್ಕನೇ ಫೋನು ಮಾಡಿ, ಆ ಮಾತು ಮುಗಿಯಿತು, ಈಗ ಎಲ್ಲ ಸರಿಯಾಗಿದೆ ಎಂದಳು. ಹೇಗೆ ಸರಿಯಾಯಿತು ಎಂದು ನಾನು ಕೇಳಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಆ ದಿನ ಅಂಗಡಿಯಲ್ಲಿ ಎಲ್ಲರಿಗೂ ಚಹಾ ತರಿಸಿದೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅಲ್ಲಿಂದ ಮುಂದೆ ಅಕ್ಕನ ಅತ್ತೆ ನನ್ನ ಮೇಲೆ ಇಲ್ಲದ ಅಕ್ಕರೆ ತೋರತೊಡಗಿದರು. ಅಕ್ಕನ ಗಂಡನ ಕೈಯಲ್ಲಿ ಜೋಳದ ಚೀಲ ಕಳಿಸಿದರು, ಕಡಲೆ ಕಳಿಸಿದರು. ಬಿಸಿಲಲ್ಲಿ ಇಡೀ ಹೊಲ ತಿರುಗಿದ ಬೀಗರ ಹುಡುಗ, ದೊಡ್ಡ ವಿದ್ಯೆ ಗೊತ್ತಿದ್ದವನು ಎಂದು ಗೌರವ ಇರಬೇಕೆಂದು ನಾನು ತಿಳಿದೆ. ಹೌದು, ಹಾಗೇ ತಿಳಿದೆ.

ಮರುವರ್ಷದ ಎಳ್ಳ ಅಮಾವಾಸ್ಯೆಗೆ ಅವರೇ ಹೇಳಿ ಕಳಿಸಿ ನನ್ನನ್ನು ಕರೆಸಿಕೊಂಡರು. ಹೊಲದಲ್ಲಿ ಚರಗ ಚೆಲ್ಲಿದವರು ಅತ್ತೆ. ಭುಜ ಮೇಲೇಳುತ್ತಿರಲಿಲ್ಲ, ಎಡಗೈಯಿಂದ ಚೆಲ್ಲಿದರು. ಅಕ್ಕ ಬುಟ್ಟಿ ಹೊತ್ತು ಹಿಂದೆ ನಡೆದಳು. ಅವಳು ನೀರು ತರಲು ಬಾವಿಗೆ ಹೊರಟಾಗ ಹಿಂದೆಯೇ ಹೋಗಿ, ನಿನ್ನ ಕೈಯಲ್ಲಿ ಯಾಕೆ ಚೆಲ್ಲಿಸಲಿಲ್ಲ, ಎಲ್ಲ ಸರಿಯಾಗಿದೆ ಅಂದಿದ್ದೆಯಲ್ಲ ಎಂದು ಕೇಳಿದೆ. ಅವಳು ಕೊಡ ಬಾವಿಯ ಕಟ್ಟೆಯ ಮೇಲಿಟ್ಟು ನಿಧಾನವಾಗಿ ಹೇಳಿದಳು. ಹೊಲದಲ್ಲಿಲ್ಲ ಎಂದು ನಾನು ಹೇಳಿಹೋದ ಮೇಲೆ ಮನೆಯಲ್ಲಿ ಯಾರೂ ಅವಳ ಜೊತೆ ನೆಟ್ಟಗೆ ಮಾತಾಡಿರಲಿಲ್ಲ. ತಿಂಗಳುಗಟ್ಟಲೆ ಹಾಗೇ ನಡೆಯಿತು. ಕೊನೆಗೆ ಬೇಸತ್ತು, ಹೌದು, ತಮ್ಮನ ಅಡಚಣೆಗೆ ನಾನೇ ಕೊಟ್ಟೆ ಎಂದು ಒಪ್ಪಿಕೊಂಡಳು. ಅತ್ತೆ ಅತ್ತರು, ಬೈದರು, ಮರುದಿನದಿಂದ ಮಾತಾಡಿಸಿದರು.

“ನನ್ನ ಕಳ್ಳನ್ನ ಮಾಡಿದ್ಯಲ್ಲ ಅಕ್ಕಾ,” ಅಂದೆ. ಮೊದಲು ಸಿಟ್ಟೇ ಬಂತು ನನಗೆ, ನೋಡಿ.

“ಕಳ್ಳ ಅಂದಿಲ್ಲ. ಬಡವ ಅಂದೇನಿ,” ಅಂದಳು.

ಆಗ ಹೇಳಿದೆ. ಬಸ್ಸಿನ ಕಾಮೆಂಟರಿ, ಆರಿದ ದೀಪ, ದೀಪ ನೋಡಿದ ಮೇಲೂ ನಾನು ಆಡಿದ ಮಾತು, ಒಂದನ್ನೂ ಬಿಡದೆ ಹೇಳಿದೆ. ಅವಳು ಕೊಡ ತುಂಬಿಸುತ್ತಲೇ ಕೇಳಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಅವತ್ತ ಹೇಳಿದ್ರ, ಹೊಲದಾಗ ಇದ್ದೀತು ಅನ್ನೂದೊಂದು ಮಾತರ ನನಗ ಉಳೀತಿತ್ತು,” ಅಂದಳು.

ಈಗಲೇ ಹೋಗಿ ಅತ್ತೆಯ ಮುಂದೆ ಎಲ್ಲ ಹೇಳುತ್ತೇನೆ ಎಂದು ಹೊರಟೆ. ಅವಳು ನನ್ನ ತೋಳು ಹಿಡಿದಳು.

“ಬ್ಯಾಡ ತಮ್ಮಾ. ಒಮ್ಮೆ ಹೊಲದಾಗ ಬಿತ್ತು ಅಂದೆ, ಆಮ್ಯಾಲ ನಿನಗ ಕೊಟ್ಟೆ ಅಂದೆ. ಈಗ ಮತ್ತ ಮಾತು ತಿರುವಿದ್ರ ಈ ಮನ್ಯಾಗ ನನ್ನ ಮಾತಿಗೆ ಕಿಮ್ಮತ್ತೇ ಉಳಿಯೂದಿಲ್ಲ. ಹೆಂಗೈತಿ ಹಂಗ ಇರಲಿ.”

ಹಿಂತಿರುಗಿ ಬಂದು ಬನ್ನಿ ಗಿಡದ ಕೆಳಗೆ ಊಟಕ್ಕೆ ಕೂತೆವು. ಅತ್ತೆ ತಾವೇ ಮುಂದೆ ಬಂದು ನನ್ನ ತಾಟಿಗೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮೇಲೊಂದು ಶೇಂಗಾ ಹೋಳಿಗೆ ಹಾಕಿದರು. ಸಂಕೋಚ ಮಾಡಬೇಡಿ, ಅಡಚಣೆ ಎಲ್ಲರಿಗೂ ಬರುತ್ತದೆ, ಈಗ ಅಂಗಡಿ ಸುಧಾರಿಸಿದೆಯೇ ಎಂದು ಮೆಲ್ಲಗೆ ಕೇಳಿದರು. ಅಕ್ಕ ಎದುರಿಗೆ ಬುಟ್ಟಿಯ ಹತ್ತಿರ ಕೂತಿದ್ದಳು. ಅವಳು ಅತ್ತೆಗೆ ಹೇಳಿದ ಮಾತು ಉಳಿಯಬೇಕೆಂದರೆ ನಾನು ಮಾಡಬಹುದಾದದ್ದು ಒಂದೇ ಇತ್ತು.

“ಹೌದ್ರಿ ಅವ್ವಾರ. ಆವಾಗ ಭಾಳ ಅಡಚಣಿ ಇತ್ತರಿ. ನಾನೇ ಅಕಿನ್ನ ಕಾಡಿ ಇಸ್ಕೊಂಡೆ,” ಅಂದೆ.

ಅಷ್ಟಾದರೂ ಮಾಡಿದೆನಲ್ಲ ಎಂದು ಒಂದು ಗಳಿಗೆ ಮನಸ್ಸು ಹಗುರಾಯಿತು. ಅತ್ತೆ ನನ್ನ ತಾಟಿಗೆ ಇನ್ನಷ್ಟು ತುಪ್ಪ ಬಡಿಸಿದರು.

“ಇರಲಿ ಬಿಡ್ರಿ. ಉಂಗುರ ಹೋದರ ಹೋತು, ನಿಮಗರ ಉಪಯೋಗ ಆತಲ್ಲ. ಆದ್ರ ಇಕಿ ನನ್ನ ಮುಖಾ ನೋಡಿ, ಹೊಲದಾಗ ಬಿತ್ತರಿ ಅತ್ತಿ, ಅಂದ್ಲಲ್ಲ, ಅದೊಂದು ಸುಳ್ಳು ಮಾತ್ರ ನನಗ ಇನ್ನೂ ಚುಚ್ಚತೈತಿ ನೋಡ್ರಿ.”

ಆ ವಿಷಯದಲ್ಲಿ ಆ ಮನೆಯಲ್ಲಿ ನಾವೆಲ್ಲ ಆಡಿದ ಮಾತುಗಳಲ್ಲಿ ಖರೇ ಇದ್ದದ್ದು ಅದೊಂದೇ. ಅಕ್ಕ ತಲೆ ತಗ್ಗಿಸಿ ಬುಟ್ಟಿಯ ಬಟ್ಟೆ ಸರಿಮಾಡಿದಳು. ನಾನು ರೊಟ್ಟಿ ಮುರಿದು ಬಾಯಿಗಿಟ್ಟೆ.