ಅತ್ತೆ ಹೊಲಿಸಿಕೊಟ್ಟ ಅಂಪೈರ್ ಶೂ

ಕುವೈತಿನ ಒಂದು ಆಸ್ಪತ್ರೆಯ ಪ್ಲಾಸ್ಟರ್ ರೂಮಿನಲ್ಲಿ ನಾನು ನರ್ಸ್. ಮುರಿದ ಕೈಕಾಲುಗಳಿಗೆ ಕಟ್ಟು ಹಾಕುವವರಿಗೆ ಸಹಾಯ ಮಾಡುತ್ತಾ ಹದಿನಾರು ವರ್ಷ ಕಳೆದಿದ್ದೇನೆ. ಶನಿವಾರ ರಜೆ ಸಿಕ್ಕಿದರೆ ಮಕ್ಕಳ ಬೇಸ್‌ಬಾಲ್ ಪಂದ್ಯಗಳಿಗೆ ಅಂಪೈರ್ ಆಗಿ ನಿಲ್ಲುತ್ತೇನೆ. ರಜೆಯಲ್ಲಿ ಊರಿಗೆ ಹೋದಾಗ ಇದನ್ನು ಹೇಳಿದರೆ ಜನ "ಕ್ರಿಕೆಟ್ಟಾ?" ಎಂದು ಕೇಳುತ್ತಾರೆ.

ಈ ಆಟ ನಮ್ಮ ಮನೆಗೆ ಬಂದದ್ದು ಮಗನಿಂದ. ಹತ್ತು ವರ್ಷದವನಿದ್ದಾಗ ಶಾಲೆಯ ಗೆಳೆಯನ ಜೊತೆ ತಂಡಕ್ಕೆ ಸೇರಿದ. ಒಂದು ಸೀಸನ್ ಆಡಿ, "ಮಮ್ಮಾ, ಐ ಆಮ್ ಡನ್" ಎಂದು ಕೀಬೋರ್ಡ್ ಕ್ಲಾಸಿಗೆ ಹೋದ. ಆದರೆ ಆ ಒಂದು ಸೀಸನ್ ನಾನು ತಂತಿಬೇಲಿಯ ಪಕ್ಕ ಕುಳಿತು ಅವನ ತಂಡದ ಸ್ಕೋರ್ ಬರೆದಿದ್ದೆ. ಆಟದ ನಿಯಮಗಳು ತಲೆಗೆ ಹತ್ತಿದ್ದವು, ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಅಂಪೈರ್‌ಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದವರು ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲೇ ಕೆಲಸ ಮಾಡುವ ಒಬ್ಬ ಫಿಲಿಪಿನೋ. ಒಂದು ದಿನ ಕ್ಯಾಂಟೀನಿನಲ್ಲಿ ನನ್ನೆದುರು ತಟ್ಟೆ ಇಟ್ಟು ಕುಳಿತರು.

"ಸಿಸ್ಟರ್, ನೀವು ದಿನವಿಡೀ ನಿಂತೇ ಕೆಲಸ ಮಾಡ್ತೀರಿ. ಎದುರಿಗಿದ್ದವರು ಕಿರುಚಿದರೆ ಗಾಬರಿಯಾಗುವುದಿಲ್ಲ. ನನಗೆ ಅಷ್ಟೇ ಸಾಕು. ಯಲ್ಲಾ, ನಡೀರಿ, ಮುಂದಿನ ಶನಿವಾರ ಬನ್ನಿ" ಎಂದರು.

ಮೊದಲ ಕೆಲವು ತಿಂಗಳು ಅವರು ನನ್ನನ್ನು ಮೈದಾನದ ಬದಿಯಲ್ಲಿ ನಿಲ್ಲಿಸಿದರು. ಬ್ಯಾಟ್ ಹಿಡಿದವನ ಹಿಂದೆ, ಚೆಂಡು ಹಿಡಿಯುವ ಕ್ಯಾಚರ್‌ನ ಬೆನ್ನಿಗೆ ನಿಲ್ಲುವ ಮುಖ್ಯ ಅಂಪೈರ್ ಕೆಲಸ ಕೊಟ್ಟದ್ದು ಆಮೇಲೆ. ಅಲ್ಲಿ ನಿಲ್ಲುವವರಿಗೆ ಮುಖಕ್ಕೆ ಜಾಲರಿ, ಎದೆಗೆ ಗುರಾಣಿ, ಮೊಣಕಾಲಿಗೆ ಕವಚ ಎಲ್ಲ ತಂಡದವರೇ ಕೊಡುತ್ತಿದ್ದರು. ಶೂ ಮಾತ್ರ ಅವರವರದ್ದು. ನಾನು ಆಸ್ಪತ್ರೆಗೆ ಹಾಕುವ ಮೆತ್ತನೆಯ ಶೂನಲ್ಲೇ ನಿಂತೆ. ಎರಡನೆಯ ಪಂದ್ಯದಲ್ಲಿ ಬ್ಯಾಟಿನ ಅಂಚಿಗೆ ಸವರಿದ ಚೆಂಡು ನೇರ ಕೆಳಗೆ ಬಂದು ನನ್ನ ಎಡಗಾಲಿನ ಬೆರಳಿಗೆ ಬಡಿಯಿತು. ಪಂದ್ಯ ಮುಗಿಸಿದೆ. ಮರುದಿನ ಡ್ಯೂಟಿಗೆ ಹೋದಾಗ ನಮ್ಮ ಪ್ಲಾಸ್ಟರ್ ರೂಮಿನ ಮಂಚದ ಮೇಲೆ ನಾನೇ ಮಲಗಬೇಕಾಯಿತು. ಜೊತೆಯ ಮಲಯಾಳಿ ಸಿಸ್ಟರ್ ನನ್ನ ಮುರಿದ ಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತುತ್ತಾ, ನಗು ತಡೆಯಲಾಗದೆ ಎರಡು ಸಲ ಎದ್ದು ಹೊರಗೆ ಹೋದಳು.

ಮೀನಾ ಅಲ್ ಅಹ್ಮದಿಯ ರಿಫೈನರಿ ಸ್ಟೋರಿನಲ್ಲಿ ಕೆಲಸ ಮಾಡುವ ನನ್ನ ಗಂಡ ತಮ್ಮ ಸೇಫ್ಟಿ ಶೂ ತಂದು ಮುಂದಿಟ್ಟರು. ಅದನ್ನು ಹಾಕಿ, ಚೆಂಡು ನೋಡಲು ಅಂಪೈರ್ ಬಗ್ಗುವ ಹಾಗೆ ಬಗ್ಗಿ ಕೂತರೆ ಹಿಮ್ಮಡಿ ಮೇಲೆದ್ದು ಹೊರಬರುತ್ತಿತ್ತು. ಅಂಪೈರ್‌ಗಳನ್ನು ನೋಡಿಕೊಳ್ಳುವ ಲ್ಯಾಬಿನವರಿಗೆ ಸುದ್ದಿ ತಿಳಿದು, ಇದಕ್ಕೆಂದೇ ಮಾಡಿದ ಪ್ಲೇಟ್ ಶೂ ಇದೆ, ಅದನ್ನು ತರಿಸಿ ಎಂದರು. ಹೊರಗಿನಿಂದ ನೋಡಿದರೆ ಸಾದಾ ಕಪ್ಪು ಚರ್ಮದ ಶೂ. ಬೆರಳುಗಳ ಮೇಲೆ ಒಳಗಡೆ ಗಟ್ಟಿ ಟೋಪಿ, ಲೇಸಿನ ಮೇಲೆ ಪಾದದ ಮೂಳೆಗಳನ್ನು ಕಾಯುವ ಗಟ್ಟಿ ಮುಚ್ಚಳ. ಇಲ್ಲಿನ ಫಹಾಹೀಲ್ ಪೇಟೆಯ ಅಂಗಡಿಗಳಲ್ಲಿ ಕೇಳಿದಾಗ ಒಬ್ಬ ಫುಟ್‌ಬಾಲ್ ಶೂ ತೋರಿಸಿದ, ಇನ್ನೊಬ್ಬ ಅಡುಗೆಭಟ್ಟರ ಶೂ ತೋರಿಸಿದ.

ಕೊನೆಗೆ ಅಮೆರಿಕದಿಂದ ತರಿಸಿದೆವು. ಗಂಡಸರ ಅಳತೆ ಮಾತ್ರ ಸಿಗುತ್ತಿತ್ತು. ಮೊದಲ ಜೊತೆ ಉದ್ದಕ್ಕೆ ಸರಿಯಾಗಿತ್ತು. ಮನೆಯೊಳಗೆ ಓಡಾಡಿ ಖುಷಿಪಟ್ಟೆ. ಮೈದಾನದಲ್ಲಿ ಅರ್ಧ ಗಂಟೆ ಬಗ್ಗಿ ನಿಂತಾಗ ಮುಚ್ಚಳ ಪಾದದ ಮೇಲೆ ಒತ್ತಿ ಕಾಲು ಮರಗಟ್ಟಿತು.

ಲ್ಯಾಬಿನವರು ತಲೆಯಾಡಿಸಿದರು. "ತಪ್ಪು ನನ್ನದೇ, ಹೇಳಿಕೊಡಲಿಲ್ಲ. ಅಳತೆ ಡ್ಯೂಟಿ ಮುಗಿದ ಮೇಲೆ ತೆಗೆಯಬೇಕು, ಕಾಲು ಊದಿಕೊಂಡಿರುವಾಗ. ದಪ್ಪ ಸಾಕ್ಸ್ ಹಾಕಿ ತೆಗೆಯಿರಿ. ಶೂ ಬಂದ ಮೇಲೆ ನಡೆದು ನೋಡಬೇಡಿ, ಬಗ್ಗಿ ನೋಡಿ. ಅಂಪೈರ್ ನಡೆಯುವುದು ಕಡಿಮೆ."

ಹಾಗೆ ಆಸ್ಪತ್ರೆಯಿಂದ ಬಂದ ಕಾಲಿನಲ್ಲೇ ಹಾಳೆಯ ಮೇಲೆ ನಿಂತು ಪಾದದ ಸುತ್ತ ಪೆನ್ಸಿಲ್ ಎಳೆದೆ. ಮೊದಲ ಜೊತೆಯನ್ನು ತೆಳ್ಳಗಿನ ಕಾಲಿನ ಇನ್ನೊಬ್ಬ ಅಂಪೈರ್ ತೆಗೆದುಕೊಂಡರು. ಎರಡನೆಯ ಜೊತೆ ಅಗಲ ಪಾದದ ಅಳತೆಯದ್ದು. ಅದನ್ನು ಹಾಕಿ ಬಗ್ಗಿ ಕೂತಾಗ ಬೆರಳುಗಳು ಒಳಗೆ ಆರಾಮವಾಗಿ ಚಾಚಿಕೊಂಡವು. ಲ್ಯಾಬಿನವರು ಬೆರಳಿನ ಟೋಪಿಯ ಮೇಲೆ ಚೆಂಡಿನಿಂದ ಟಕ್ ಟಕ್ ಎಂದು ಬಡಿದು, "ಏನಾದರೂ ಗೊತ್ತಾಯಿತಾ?" ಎಂದರು. ಗೊತ್ತಾಗಲಿಲ್ಲ.

ಕಷ್ಟಪಟ್ಟು ಪಡೆದದ್ದನ್ನು ನಾನು ಸರಿಯಾಗಿ ನೋಡಿಕೊಂಡೆ ಎಂದು ಹೇಳಲಾರೆ. ಏಪ್ರಿಲ್‌ನಲ್ಲಿ ಆಟ ಮುಗಿದಾಗ ಶೂ ಕಾರಿನ ಡಿಕ್ಕಿಯಲ್ಲಿತ್ತು. ಅಲ್ಲೇ ಉಳಿಯಿತು. ಇಲ್ಲಿನ ಜೂನ್, ಜುಲೈ, ಆಗಸ್ಟಿನಲ್ಲಿ ಬಿಸಿಲಿಗೆ ನಿಂತ ಕಾರಿನ ಡಿಕ್ಕಿ ಬೇಕರಿಯ ಒಲೆಯ ಹಾಗೆ. ಅಕ್ಟೋಬರಿನಲ್ಲಿ ತೆಗೆದು ನೋಡಿದರೆ ಚರ್ಮ ಬಿಗಿದು ಗೆರೆ ಬಿದ್ದಿತ್ತು, ಬೆವರಿನ ಉಪ್ಪು ಬಿಳಿ ಬಳೆಗಳಾಗಿ ಮೇಲೆದ್ದಿತ್ತು, ಬಲಗಾಲಿನ ಸೋಲ್ ಮುಂದಿನಿಂದ ಬಾಯಿ ತೆರೆದಿತ್ತು. ಕೆಳಗಿನ ಬಕಾಲದಿಂದ, ಅಂದರೆ ದಿನಸಿ ಅಂಗಡಿಯಿಂದ, ಗಮ್ ತಂದು ಅಂಟಿಸಿ, ಮೇಲೆ ಮಿಕ್ಸಿ ಇಟ್ಟು ಒತ್ತಿದೆ. ಆ ಅಂಟು ಎರಡು ಪಂದ್ಯಕ್ಕಷ್ಟೇ ತಾಳಿತು.

ನವೆಂಬರಿನಲ್ಲಿ ಅತ್ತೆ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಬಂದರು. ಮದುವೆಯಾಗಿ ಹದಿನೇಳು ವರ್ಷವಾಗಿದ್ದರೂ ನಾವಿಬ್ಬರೂ ಒಂದೇ ಸೂರಿನಡಿ ಇದ್ದದ್ದು ರಜೆಯ ದಿನಗಳಲ್ಲಿ ಮಾತ್ರ. ಅವರಿಗೆ ಮಾತು ಕಡಿಮೆ, ನನಗೆ ಅವರ ಹತ್ತಿರ ಏನು ಮಾತಾಡಬೇಕೆಂದು ತಿಳಿಯುತ್ತಿರಲಿಲ್ಲ. ಅವರು ಮಂಗಳೂರಿನ ಕಡೆಯ ಒಂದು ಕಾನ್ವೆಂಟಿನಲ್ಲಿ ಕೆಲಸ ಮಾಡಿದವರು. ನನ್ನ ಗಂಡ ಇಲ್ಲಿ ಎಲ್ಲರಿಗೂ "ಅಮ್ಮ ಕಾನ್ವೆಂಟಿನಲ್ಲಿದ್ದರು" ಎಂದಷ್ಟೇ ಹೇಳುತ್ತಿದ್ದರು. ಕೇಳಿದವರು ಟೀಚರ್ ಎಂದುಕೊಳ್ಳುತ್ತಿದ್ದರು. ಅವರು ಅಲ್ಲಿನ ಬೋರ್ಡಿಂಗಿನಲ್ಲಿ ಆಯಾ ಆಗಿದ್ದರು. ಅದನ್ನು ಯಾರೂ ಮುಚ್ಚಿಟ್ಟಿರಲಿಲ್ಲ, ಬಿಡಿಸಿ ಹೇಳಿಯೂ ಇರಲಿಲ್ಲ.

ಬಂದ ವಾರವೇ ಬಾಗಿಲ ಬಳಿಯಿದ್ದ ಶೂ ಅವರ ಕಣ್ಣಿಗೆ ಬಿತ್ತು. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಆ ಮಾತುಗಳನ್ನು ಊರ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅತ್ತೆಯನ್ನು ನಾನು ಕರೆಯುವುದು ಮಾಂಯ್, ಅಮ್ಮ ಎಂದು; ಅವರು ನನ್ನನ್ನು ಕರೆಯುವುದು ಬಾಯೆ, ಮಗಳೇ ಎಂದು.

"ಇದು ಅವನದ್ದಾ?"

"ಅಲ್ಲ ಮಾಂಯ್, ನನ್ನದು."

"ನಿನ್ನದಾ?" ಎಂದು ಒಂದನ್ನು ಕೈಗೆತ್ತಿಕೊಂಡು ತೂಕ ನೋಡಿದರು. ಸೋಲನ್ನು ಹೆಬ್ಬೆರಳಿನಿಂದ ಒತ್ತಿದರು. ಕೆಳಗಿಟ್ಟು ಒಳಗೆ ಹೋದರು. ಹೆಂಗಸಿಗೆ ಇಂಥ ಶೂ ಏಕೆಂದು ಬೇಸರವಾಯಿತೇನೋ ಎಂದುಕೊಂಡೆ.

ಮರುದಿನ ಡ್ಯೂಟಿ ಮುಗಿಸಿ ಬಂದಾಗ ಬಾಲ್ಕನಿಯಲ್ಲಿ ಹಳೆಯ ಪೇಪರ್ ಹರಡಿ ಅತ್ತೆ ಮಣೆ ಹಾಕಿ ಕುಳಿತಿದ್ದರು. ಶೂಗಳ ಲೇಸು, ಒಳಗಿನ ಪದರ ಎಲ್ಲವೂ ಹೊರಗೆ ಬಂದು ಸಾಲಾಗಿ ಮಲಗಿದ್ದವು. ವಿನೆಗರ್ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಉಪ್ಪಿನ ಕಲೆಯನ್ನು ಸ್ವಲ್ಪಸ್ವಲ್ಪವೇ ಒರೆಸುತ್ತಿದ್ದರು.

"ಈ ಗಮ್ ಹಾಕಿದ್ದು ಯಾರು ಬಾಯೆ?"

"ನಾನೇ."

"ಲಕೋಟೆ ಅಂಟಿಸಿದ ಹಾಗೆ ಉಂಟು. ಇದನ್ನು ಹೊಲಿಸಬೇಕು. ಇಲ್ಲಿ ಶೂ ಹೊಲಿಯುವವರು ಇದ್ದಾರಾ?"

ಶುಕ್ರವಾರ ಅವರನ್ನು ಫಹಾಹೀಲಿನ ಮಾರ್ಕೆಟ್ಟಿಗೆ ಕರೆದುಕೊಂಡು ಹೋದೆ. ಸಾಲಿನಲ್ಲಿ ಶೂ ರಿಪೇರಿಯ ಮೂರು ಗೂಡುಗಳು. ಅತ್ತೆ ಮೊದಲ ಎರಡರ ಮುಂದೆ ನಿಂತು, ರಿಪೇರಿಯಾಗಿ ನೇತು ಹಾಕಿದ್ದ ಶೂಗಳ ತಳ ತಿರುಗಿಸಿ ನೋಡಿ ಮುಂದೆ ನಡೆದರು. ಮೂರನೆಯವನು ಪೇಶಾವರದ ಕಡೆಯ ಮುದುಕ. ಅವನು ದಾರಕ್ಕೆ ಮೇಣ ಎಳೆಯುತ್ತಿದ್ದ. ಅತ್ತೆ ಅಲ್ಲಿ ಕುಳಿತರು.

ಅವನೂ ಮೊದಲು ಗಮ್ ಡಬ್ಬಿಗೇ ಕೈ ಹಾಕಿದ. ಅತ್ತೆ ಕೈ ಅಡ್ಡ ಮಾಡಿ, "ನಹೀಂ ಭಾಯಿ. ಸಿಲಾಯಿ" ಎಂದರು, ಗಮ್ ಬೇಡ, ಹೊಲಿಗೆ ಎಂದು. ಅವರಿಗೆ ಗೊತ್ತಿದ್ದ ಹಿಂದಿ ಹೆಚ್ಚುಕಡಿಮೆ ಅಷ್ಟೇ.

"ಅಮ್ಮಾಜಿ, ಈ ಸೋಲ್ ಬಹಳ ದಪ್ಪ. ಸೂಜಿ ಮುರಿಯುತ್ತದೆ" ಎಂದು ಅವನು ಹಿಂದಿಯಲ್ಲಿ ಹೇಳಿದ್ದನ್ನು ನಾನು ತಿಳಿಸಿದೆ.

ಅತ್ತೆ ಶೂ ತೆಗೆದುಕೊಂಡು, ಸೋಲಿನ ಬದಿಯ ತೆಳು ಅಂಚಿನ ಸುತ್ತ ಉಗುರಿನಿಂದ ಒಂದು ಗೆರೆ ಎಳೆದು ತೋರಿಸಿದರು. ಅವನು ನೋಡಿದ. ಕನ್ನಡಕ ಏರಿಸಿ ಮತ್ತೆ ನೋಡಿದ. ದಪ್ಪ ಸೂಜಿ ತೆಗೆದು ಆ ಗೆರೆಯ ಮೇಲೆಯೇ ಹೊಲಿಯಲು ಶುರುಮಾಡಿದ. ಒಂದು ಗಂಟೆ ಹಿಡಿಯಿತು. ಕೊನೆಯ ಗಂಟು ಹಾಕಿ, "ನಿಮ್ಮ ಅಮ್ಮ ಈ ಕೆಲಸದವರಾ?" ಎಂದು ನನ್ನನ್ನು ಕೇಳಿದ.

ನಾನು ಅತ್ತೆಯತ್ತ ನೋಡಿದೆ. ಅವರಿಗೆ ಪ್ರಶ್ನೆ ಅರ್ಥವಾಗಿತ್ತು.

"ಮೂವತ್ತು ವರ್ಷ ಮಕ್ಕಳ ಶೂ ನೋಡಿದ್ದೇನೆ ಅಂತ ಹೇಳು" ಎಂದರು. ಹೇಳಿದೆ. ಅವನು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ.

ಆ ದಿನದಿಂದ ಸಂಜೆಗಳಲ್ಲಿ ನಾವಿಬ್ಬರೂ ಬಾಲ್ಕನಿಯಲ್ಲಿ ಕೂರತೊಡಗಿದೆವು. ಪಂದ್ಯ ಮುಗಿದ ಕೂಡಲೇ ಲೇಸು ಬಿಚ್ಚಿ ಶೂವಿನ ಬಾಯಿ ಅಗಲಿಸಬೇಕು, ಪೇಪರ್ ಉಂಡೆ ತುಂಬಬೇಕು, ಒಂದು ಗಂಟೆಯಲ್ಲಿ ಅದನ್ನು ತೆಗೆದು ಒಣ ಪೇಪರ್ ಹಾಕಬೇಕು ಎಂದು ಹೇಳಿಕೊಟ್ಟರು. ಬಿಸಿಲಿಗೂ ಇಡಬಾರದು, ಎಸಿಯ ಗಾಳಿಗೂ ಇಡಬಾರದು. ಮರಳನ್ನು ಮೊದಲು ಬ್ರಷ್‌ನಿಂದ ಕೊಡವಬೇಕು; ಇಲ್ಲದಿದ್ದರೆ ಪಾಲಿಶ್ ಜೊತೆ ಮರಳೂ ಚರ್ಮವನ್ನು ಉಜ್ಜುತ್ತದೆ. ನಾನು ತೆಂಗಿನೆಣ್ಣೆ ಹಚ್ಚಲೇ ಎಂದಾಗ, "ಅದು ತಲೆಗೆ" ಎಂದರು. ಪಾಲಿಶ್ ಬಟ್ಟೆಯನ್ನು ಎರಡು ಬೆರಳಿಗೆ ಬಿಗಿಯಾಗಿ ಸುತ್ತಿ, ಚಿಕ್ಕ ಚಿಕ್ಕ ವೃತ್ತದಲ್ಲಿ ಉಜ್ಜುತ್ತಿದ್ದರು.

ಉಜ್ಜುತ್ತಾ ಬೋರ್ಡಿಂಗಿನ ಕತೆ ಹೇಳಿದರು. ಭಾನುವಾರ ಸಂಜೆ ಚಿಕ್ಕ ತರಗತಿಯ ನಲವತ್ತು ಹುಡುಗಿಯರ ಶೂಗಳು ಅವರ ಮುಂದೆ ಬರುತ್ತಿದ್ದವು. ಹೆಸರು ನೋಡಬೇಕಿರಲಿಲ್ಲ, ಸವೆದ ರೀತಿಯಿಂದಲೇ ಯಾರದ್ದೆಂದು ತಿಳಿಯುತ್ತಿತ್ತಂತೆ. ಕೆಲವರಿಗೆ ಮನೆಯವರು ಮೂರು ವರ್ಷ ಬರಲಿ ಎಂದು ದೊಡ್ಡ ಶೂ ತೆಗೆದುಕೊಡುತ್ತಿದ್ದರು. "ಅಂಥವರ ಶೂಗೆ ಮುಂದೆ ಹತ್ತಿ ತುಂಬಿಸುತ್ತಿದ್ದೆ. ಮಕ್ಕಳು ಓಡುವಾಗ ಬೀಳಬಾರದಲ್ಲ. ಅವರಿಗೆ ಗೊತ್ತೇ ಆಗುತ್ತಿರಲಿಲ್ಲ."

ನನ್ನ ಕೈ ನಿಂತಿತು. ನನ್ನ ತಂದೆ ಹಡಗಿನಲ್ಲಿ ಕೆಲಸಕ್ಕಿದ್ದವರು. ಅಮ್ಮನಿಗೆ ಆರೋಗ್ಯ ಸರಿಯಿಲ್ಲದ ಮೂರು ವರ್ಷ ನಾನೂ ಬೇರೊಂದು ಊರಿನ ಬೋರ್ಡಿಂಗಿನಲ್ಲಿದ್ದೆ. ಭಾನುವಾರ ಶೂ ಬಾಗಿಲ ಹೊರಗಿಡುತ್ತಿದ್ದೆವು, ಸೋಮವಾರ ಅವು ಮಿನುಗುತ್ತಿದ್ದವು. ಯಾರು ಮಾಡುತ್ತಿದ್ದರೆಂದು ಒಮ್ಮೆಯೂ ಕೇಳಿದ್ದಿಲ್ಲ. ಹಾಲ್ ತುಂಬ ಫಿನೈಲ್ ವಾಸನೆ ಇದ್ದದ್ದು ನೆನಪಿದೆ, ಅವರ ಮುಖ ನೆನಪಿಲ್ಲ.

ಅತ್ತೆಗೆ ಅದನ್ನು ಹೇಳಿದೆ.

"ಮಕ್ಕಳಿಗೆ ಅದೆಲ್ಲ ಯಾಕೆ ನೆನಪಿರಬೇಕು?" ಎಂದರು. ಅವರ ಧ್ವನಿಯಲ್ಲಿ ಬೇಸರವಿರಲಿಲ್ಲ.

ಡಿಸೆಂಬರಿನ ಒಂದು ಶನಿವಾರ ಅವರು ಮೈದಾನಕ್ಕೆ ಬಂದರು. ಸೀರೆಯ ಮೇಲೆ ತಮ್ಮ ಮಗನ ಜಾಕೆಟ್ ಹಾಕಿಕೊಂಡು ಬೇಲಿಯ ಪಕ್ಕದ ಕುರ್ಚಿಯಲ್ಲಿ ನನ್ನ ಗಂಡನ ಜೊತೆ ಕುಳಿತರು. ಮೂರನೆಯ ಇನಿಂಗ್ಸಿನಲ್ಲಿ ಚೆಂಡು ಬ್ಯಾಟಿಗೆ ಸವರಿ ನೇರ ನನ್ನ ಬಲಗಾಲಿನ ಬೆರಳಿಗೆ ಬಡಿಯಿತು. ಬೇಲಿಯವರೆಗೂ ಶಬ್ದ ಕೇಳಿಸಿತ್ತು. ಅತ್ತೆ ಎದ್ದು ನಿಂತದ್ದು ಜಾಲರಿಯ ಮೂಲಕ ಕಾಣಿಸಿತು. ನನಗೆ ಏನೂ ಆಗಿರಲಿಲ್ಲ. ಕೈ ಎತ್ತಿ ತೋರಿಸಿ ಮತ್ತೆ ಬಗ್ಗಿದೆ. ಸ್ವಲ್ಪ ಹೊತ್ತಿನಲ್ಲಿ ಒಬ್ಬ ಕೋಚ್ ನನ್ನ ತೀರ್ಪು ಒಪ್ಪದೆ ಮೈದಾನದ ಅಂಚಿಗೆ ಬಂದು ಕೂಗಾಡಿದ.

ಪಂದ್ಯ ಮುಗಿದ ಮೇಲೆ ಅತ್ತೆ ಶೂ ಕಳಚಲು ಹೇಳಿ, ಮೊದಲು ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಆಮೇಲೆ ಹೊಲಿಗೆ ನೋಡಿದರು.

"ಆ ಮನುಷ್ಯ ನಿನಗೆ ಯಾಕೆ ಬೈದದ್ದು?"

"ನಾನು ಹೇಳಿದ್ದು ಅವನಿಗೆ ಸರಿ ಕಾಣಲಿಲ್ಲ ಮಾಂಯ್."

"ನೀನು ಎಂತ ಹೇಳಿದಿ?"

"ಏನೂ ಇಲ್ಲ. ಮುಂದಿನ ಚೆಂಡಿಗೆ ನಿಂತೆ."

"ಒಳ್ಳೆಯದು ಮಾಡಿದಿ" ಎಂದು ಲೇಸು ಬಿಚ್ಚತೊಡಗಿದರು.

ಆಗಲೇ ಲ್ಯಾಬಿನವರು ಬಂದು ಹೊಲಿಗೆಯನ್ನು ಮೆಚ್ಚಿ, ಯಾರು ಮಾಡಿಸಿದ್ದೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ, "ನನ್ನ ಅಮ್ಮ. ಮೂವತ್ತು ವರ್ಷ ಬೋರ್ಡಿಂಗಿನಲ್ಲಿ ಆಯಾ ಆಗಿದ್ದರು. ಶೂ ವಿಷಯ ಅವರಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ" ಎಂದರು. ಇಂಗ್ಲಿಷಿನಲ್ಲಿ ಹೇಳಿದ್ದರಿಂದ ಅತ್ತೆಗೆ ಪೂರ್ತಿ ತಿಳಿಯಲಿಲ್ಲ. ಕಾರಿನಲ್ಲಿ ನಾನು ಹೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತಾ ತಲೆಯಾಡಿಸಿದರು.

ಫೆಬ್ರುವರಿಯಲ್ಲಿ ವೀಸಾ ಮುಗಿಯಿತು. ಹೊರಡುವ ದಿನ ಮಧ್ಯಾಹ್ನ ಅವರ ಪೆಟ್ಟಿಗೆಗೆ ಹಗ್ಗ ಕಟ್ಟುತ್ತಿದ್ದಾಗ, ಇನ್ನು ಹೇಳದಿದ್ದರೆ ಹೇಳಲಾಗದು ಅನ್ನಿಸಿತು. "ಮಾಂಯ್, ದೇವ್ ಬರೆಂ ಕರುಂ" ಎಂದೆ. ದೇವರು ಒಳ್ಳೆಯದು ಮಾಡಲಿ. ನಮ್ಮಲ್ಲಿ ಧನ್ಯವಾದ ಹೇಳುವುದು ಹಾಗೆ.

"ಎಂತಕ್ಕೆ?"

"ಶೂಗೆ. ನನ್ನ ಬೋರ್ಡಿಂಗಿನ ಶೂಗಳಿಗೂ."

"ಅದನ್ನು ನಾನು ಮಾಡಿದ್ದಲ್ಲವಲ್ಲ."

"ಮಾಡಿದವರಿಗೆ ಹೇಳಲು ಈಗ ಆಗುವುದಿಲ್ಲ. ಅದಕ್ಕೆ ನಿಮಗೆ ಹೇಳುತ್ತಿದ್ದೇನೆ."

ಅತ್ತೆ ಹಗ್ಗದ ಇನ್ನೊಂದು ತುದಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಗಂಟು ಬಿಗಿದರು. "ಆಗಲಿ, ಅವರದ್ದನ್ನೂ ನಾನೇ ಇಟ್ಟುಕೊಳ್ಳುತ್ತೇನೆ" ಎಂದರು. ಆಮೇಲೆ ನನ್ನ ಕೆನ್ನೆಯನ್ನು ಒಮ್ಮೆ ಮುಟ್ಟಿ, ಚಹಾಕ್ಕೆ ನೀರಿಡಲು ಅಡುಗೆಮನೆಗೆ ಹೋದರು.