ಮಾವಶಿ ಬರೆದ ಒಂಬತ್ತು

ಮಾವಶಿಯ ಬಲಗೈ ತೋರುಬೆರಳಿಗೆ ತುದಿಯಿರಲಿಲ್ಲ. ಉಗುರು ಇರಬೇಕಾದ ಕಡೆ ಬೆರಳು ಮುಗಿದು, ಅಲ್ಲಿ ಚರ್ಮ ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಹರೆಯದಲ್ಲಿ ಧಾನ್ಯದ ಗೋದಾಮಿನಲ್ಲಿ ಚೀಲ ಹೊಲಿಯುವಾಗ ಹೆಗ್ಗಣ ಕಚ್ಚಿ, ಗಾಯ ಕೀವಾಗಿ, ಆಸ್ಪತ್ರೆಯಲ್ಲಿ ಕತ್ತರಿಸಿದ್ದರಂತೆ. ಆ ಮೊಂಡು ಬೆರಳು ಮತ್ತು ಹೆಬ್ಬೆರಳಿನ ನಡುವೆಯೇ ಅವರು ಇಲಿಯ ಬಾಲದ ಬುಡ ಹಿಡಿದು ಎತ್ತುತ್ತಿದ್ದರು. ಮೊದಲ ಸಲ ಅದನ್ನು ನೋಡಿದಾಗ ನಾನು ಹಿಂದೆ ಹಿಂದೆ ಸರಿದು ಕಸದ ಬುಟ್ಟಿಯ ಮೇಲೆ ಕೂತುಬಿಟ್ಟಿದ್ದೆ.

ಇಲಿಯೆಂದರೆ ನನಗೆ ಪ್ರಾಣಭಯ. ಹಾಗಿದ್ದೂ ಮನೆಯಿಲಿಗಳ ವಂಶಾವಳಿಯ ಮೇಲೆ ಪಿಎಚ್‌ಡಿ ಮಾಡಲು ಹೊರಟವಳು ನಾನು. ಡಿಎನ್‌ಎ ಎಂದರೆ ಕಂಪ್ಯೂಟರು, ಎ.ಸಿ. ಕೋಣೆ, ಬಿಳಿ ಕೋಟು ಎಂದುಕೊಂಡಿದ್ದೆ. ಇಲಿಯನ್ನು ಮೊದಲು ಯಾರಾದರೂ ಹಿಡಿಯಬೇಕಲ್ಲ ಎಂಬುದು ಹೊಳೆದಿರಲಿಲ್ಲ. ಆ ಯಾರಾದರೂ ಮಾವಶಿ. ಮರಾಠಿಯಲ್ಲಿ ಚಿಕ್ಕಮ್ಮ ಎಂದರ್ಥ. ಮುಂಬಯಿಯಲ್ಲಿ ಆಸ್ಪತ್ರೆ, ಆಫೀಸುಗಳ ಕೆಲಸದ ಹೆಂಗಸರನ್ನೆಲ್ಲ ಹಾಗೆಯೇ ಕರೆಯುತ್ತಾರೆ. ನಮ್ಮ ಮಾವಶಿ ಕಲಬುರಗಿ ಕಡೆಯವರು, ಜೋಗೇಶ್ವರಿ ಉಪನಗರದ ಚಾಳಿನ ಸಾಲುಮನೆಯಲ್ಲಿ ವಾಸ, ಲ್ಯಾಬಿನಲ್ಲಿ ಕಾಂಟ್ರ್ಯಾಕ್ಟ್ ಕೆಲಸ.

ನನ್ನ ಬಾಯಲ್ಲಿ ಕನ್ನಡ ಕೇಳಿ ಅವರ ಮುಖ ಅರಳಿತು. "ಅಯ್ಯ, ನಮ್ಮವ್ರ ಅದೀರಿ! ನಾ ಇಲಿ ಬಾಲದ ತುದಿ ಹಾಕೂ ಬಾಟ್ಲಿ ಮ್ಯಾಲ ಕನ್ನಡ ಅಂಕಿನ ಬರಿಯಾಕಿರಿ. ಬ್ಯಾರೆ ಬರಂಗಿಲ್ಲ. ಹಿಂದಿನವ್ರಿಗೆಲ್ಲ ಕುಂತು ಓದಿ ಹೇಳ್ತಿದ್ದೆ. ನಿಮಗ ಓದಾಕ ಬರ್ತೈತಲ್ರಿ?"

"ಬರದೇ ಏನು" ಎಂದೆ.

ಬರುತ್ತಿರಲಿಲ್ಲ. ಅಪ್ಪ ವಿಕ್ರೋಳಿಯ ಕಾರ್ಖಾನೆಯಲ್ಲಿ ಎಂಜಿನಿಯರು. ಮನೆಯಲ್ಲಿ ಅಚ್ಚ ಮೈಸೂರು ಕನ್ನಡ. ಶನಿವಾರ ಶನಿವಾರ ನನ್ನನ್ನು ಮಾಟುಂಗದ ಕನ್ನಡ ಕ್ಲಾಸಿಗೆ ಕಳಿಸುತ್ತಿದ್ದರು. ನಾನು ಅಲ್ಲಿ ಚೆನ್ನಾಗಿ ಕಲಿತದ್ದು ಯಾವ ಹೋಟೆಲಿನ ದೋಸೆ ಗರಿಗರಿ ಎಂಬುದನ್ನು ಮಾತ್ರ. ಅಂಕಿಗಳಲ್ಲಿ ಐದರವರೆಗೆ ಗಟ್ಟಿ, ಆಮೇಲೆಲ್ಲ ಅಂದಾಜು. ಆದರೂ ಆ ಅರಳಿದ ಮುಖದೆದುರು ಇಲ್ಲ ಎನ್ನಲು ನಾಚಿಕೆಯಾಯಿತು.

ಇಲಿ ಹಿಡಿಯಲು ಹೋದ ಕಡೆ ಮಾವಶಿ ಇಲಿ ಎಂಬ ಮಾತನ್ನೇ ಆಡುತ್ತಿರಲಿಲ್ಲ. ಅವಕ್ಕೆ ಕೇಳಿಸುತ್ತದೆ ಎಂದು ಅವರ ನಂಬಿಕೆ. ಮನೆಯವರನ್ನು ಬಾಗಿಲಲ್ಲೇ ಮೆಲ್ಲಗೆ ಕೇಳುವರು: "ಬೀಗರು ಎಷ್ಟ್ ಮಂದಿ ಬಂದಾರ್ರಿ?" ಆಮೇಲೆ ಬೋನಿಗೆ ಶೇಂಗಾ, ಕೊಬ್ಬರಿ ಇಟ್ಟು, ಬೀಗರಿಗೆ ಊಟ ಬಡಿಸಿದವರ ಗತ್ತಿನಲ್ಲಿ ಹೊರಬರುವರು.

ನಾವು ಹುಡುಕುತ್ತಿದ್ದುದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಡಿಎನ್‌ಎ ಎಳೆಯನ್ನು. ಮನೆಯಿಲಿಗಳ ಮೂಲ ನಮ್ಮ ಉಪಖಂಡದ ಆಸುಪಾಸಿನಲ್ಲೇ ಇರಬೇಕು ಎನ್ನುತ್ತಾರೆ. ಲಕ್ಷಾಂತರ ವರ್ಷಗಳ ಹಿಂದೆ ಅವು ಕವಲೊಡೆದವು. ಒಂದು ಕವಲು ಇಲ್ಲೇ ಉಳಿಯಿತು, ಒಂದು ಉತ್ತರಕ್ಕೆ, ಇನ್ನೊಂದು ಪಶ್ಚಿಮಕ್ಕೆ ಹೋಯಿತು. ಪಶ್ಚಿಮದ್ದು ಮನುಷ್ಯರ ಕಾಳುಕಡಿಯ ಹಿಂದೆಯೇ ಯುರೋಪು ಸೇರಿ, ಅಲ್ಲಿಂದ ಹಡಗು ಹತ್ತಿ ಲೋಕವೆಲ್ಲ ಸುತ್ತಿತು. ಮುಂಬಯಿ ಬಂದರಿನಲ್ಲಿ ಇಳಿದವು ಇವೆಯೇ, ಇದ್ದರೆ ಉಪನಗರಗಳವರೆಗೂ ಬಂದಿವೆಯೇ ಎಂಬುದೇ ನನ್ನ ಪ್ರಶ್ನೆ. ಮಾವಶಿಗೆ ವಿವರಿಸಿದಾಗ ಒಂದೇ ಮಾತಿನಲ್ಲಿ ಮುಗಿಸಿದರು: "ಅಂದ್ರ, ತವರು ಬಿಟ್ಟು ಹೋದಾಕಿ ಹಡಗಿನ್ಯಾಗ ತಿರುಗಿ ಬಂದಾಳೇನು ಅಂತ ನೋಡೂದು." ನನ್ನ ಮುನ್ನೂರು ಪುಟದ ಪ್ರಬಂಧದಲ್ಲೂ ಇದಕ್ಕಿಂತ ಸ್ಪಷ್ಟವಾದ ವಾಕ್ಯವಿಲ್ಲ.

ಬಂದರಿನ ಗೋದಾಮಿನ ಆ ಮಧ್ಯಾಹ್ನ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹೊರಗೆ ಸುಡುವ ಬಿಸಿಲು, ಒಳಗೆ ಕಣ್ಣಿಗೆ ಏನೂ ಕಾಣದು, ಸುತ್ತ ಚೀಲಗಳ ಸಂದಿಯಲ್ಲಿ ಸರಸರ ಸದ್ದು. ಧೈರ್ಯ ತೋರಿಸಲು ಹೋಗಿ ಬೋನಿನ ಬಾಗಿಲು ನಾನೇ ತೆಗೆದೆ. ಇಲಿ ಚಿಮ್ಮಿ ನನ್ನ ಕುರ್ತಾದ ತೋಳಿನೊಳಗೆ ನುಗ್ಗಿತು. ಅದರ ಸಣ್ಣ ಉಗುರುಗಳು ಮೊಣಕೈ ದಾಟಿ ಕಂಕುಳಿಗೆ ಏರುತ್ತಿದ್ದವು. ಮಾವಶಿ ಬಟ್ಟೆಯ ಮೇಲಿಂದಲೇ ಅದನ್ನು ಮೆತ್ತಗೆ ಒತ್ತಿಹಿಡಿದು ಕೆಳಗಿಳಿಸಿದರು. "ಅಂಜಬ್ಯಾಡ್ರಿ. ಅದೂ ಅಂಜೇ ಹೊಕ್ಕೈತಿ." ಬಾಲದ ತುದಿ ಕತ್ತರಿಸಿ ಬಾಟಲಿಗೆ ಹಾಕಿ, ಇಲಿಯನ್ನು ಬಿಟ್ಟು, ಗಟ್ಟಿಯಾಗಿ ಹೇಳಿದರು: "ಆರು. ಬಂದರದ್ದು." ನಾನು ಫೋನಿನಲ್ಲಿ ಬರೆದುಕೊಂಡೆ. ಬಾಟಲಿಯ ಮೇಲೆ ಅವರು ಬರೆದರು: ೬.

ಒಂಬತ್ತನೆಯದು ಜೋಗೇಶ್ವರಿಯಲ್ಲಿ, ಅವರ ಚಾಳಿನ ಹಿಂದಿನ ವರ್ಕ್‌ಶಾಪಿನಲ್ಲಿ ಸಿಕ್ಕಿತು. ಲ್ಯಾಬಿನಲ್ಲಿ ಬಾಟಲಿಗಳನ್ನು ನಾನೊಬ್ಬಳೇ ಓದಿಕೊಂಡೆ. ೬ ಮತ್ತು ೯ ನನ್ನ ಕಣ್ಣಿಗೆ ಅವಳಿಜವಳಿಗಳ ಹಾಗಿದ್ದವು. ಮಾವಶಿಯನ್ನು ಕೇಳಿದ್ದರೆ ಅರ್ಧ ನಿಮಿಷದ ಕೆಲಸ. ಕೇಳಲಿಲ್ಲ.

ಫಲಿತಾಂಶ ಬಂದಾಗ ಜೋಗೇಶ್ವರಿಯ ಇಲಿಯಲ್ಲಿ ಪಶ್ಚಿಮದ ಎಳೆ! ನಮ್ಮ ಗೈಡ್ ಸರ್ ಎಲ್ಲರಿಗೂ ಚಹಾ ತರಿಸಿದರು. ಖಾತ್ರಿಗೆಂದು ಅದೇ ವರ್ಕ್‌ಶಾಪಿನಿಂದ ಇನ್ನಷ್ಟು ಇಲಿಗಳನ್ನು ಹಿಡಿಸಿ ನೋಡಿದರೆ ಒಂದರಲ್ಲೂ ಆ ಎಳೆ ಇಲ್ಲ. ಸರ್ ಮುಖ ಗಂಟಿಕ್ಕಿ, ಬಾಟಲಿಗಳ ಮೇಲೆ ಬರೆದವರು ಯಾರು ಎಂದು ಕೇಳಿದರು.

ಮಾವಶಿಯನ್ನು ಕರೆಸಿದರು. ಸರ್‌ಗೆ ಕನ್ನಡ ಒಂದಕ್ಷರ ಬಾರದು. ಮಾವಶಿಗೆ ಸಂತೆಯ ಹಿಂದಿ ಬರುತ್ತಿತ್ತು, ಆದರೆ ಹೆದರಿದಾಗ ಅದೂ ಓಡಿಹೋಗುತ್ತಿತ್ತು. ಮೇಜಿನ ಮೇಲಿನ ಬಾಟಲಿಗಳನ್ನು ಮೊಂಡು ಬೆರಳಿನಿಂದ ಮುಟ್ಟಿ ನನಗೆ ಹೇಳಿದರು: "ಸಾಹೇಬ್ರಿಗೆ ಹೇಳ್ರಿ. ಇದು ಆರು, ಬಂದರದ್ದು. ನಿಮ್ಮ ತೋಳಿನ್ಯಾಗ ಹೊಕ್ಕಿತ್ತಲ್ರಿ, ಅದು. ಇದು ಒಂಬತ್ತು, ನಮ್ಮ ಜೋಗೇಶ್ವರಿದು. ನಾ ಬರದದ್ದು ಖರೇ ಐತ್ರಿ."

ಆ ಕ್ಷಣ ನನಗೆ ಎಲ್ಲ ತಿಳಿಯಿತು. ೬ ಮತ್ತು ೯ನ್ನು ಅದಲುಬದಲಾಗಿ ಓದಿದ್ದವಳು ನಾನು. ಸುಳ್ಳು ಹೇಳಿದವರನ್ನು ಸರ್ ಒಂದು ದಿನವೂ ಇಟ್ಟುಕೊಳ್ಳುವವರಲ್ಲ. ನನ್ನ ಸೀಟು, ಫೆಲೋಶಿಪ್ಪು, ಅಪ್ಪನ ಮುಖ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

"ಏನಂತೆ?" ಎಂದರು ಸರ್.

"ಅವರಿಗೂ ಸರಿಯಾಗಿ ನೆನಪಿಲ್ಲವಂತೆ" ಎಂದೆ, ಇಂಗ್ಲಿಷಿನಲ್ಲಿ. ನಾನು ಅವರ ಪರವಾಗಿ ಮಾತಾಡುತ್ತಿದ್ದೇನೆಂದು ತಿಳಿದು ಮಾವಶಿ ಪಕ್ಕದಲ್ಲಿ ತಲೆಯಾಡಿಸುತ್ತಿದ್ದರು.

ಸರ್ ಕೂಗಾಡಲಿಲ್ಲ. ಇವರ ಬದಲು ಇಂಗ್ಲಿಷ್ ಬರುವವರನ್ನು ಕಳಿಸಿ ಎಂದು ಕಾಂಟ್ರ್ಯಾಕ್ಟರಿಗೆ ಫೋನ್ ಮಾಡಿದರು, ಅಷ್ಟೇ. ಸಂಜೆ ಮಾವಶಿ ಗೇಟಿನಲ್ಲಿ ನನಗಾಗಿ ಕಾದಿದ್ದರು. "ನನ್ನ ಸಲುವಾಗಿ ಹೇಳಿದ್ರಿ. ಅವ್ರು ಕೇಳಲಿಲ್ಲ, ಅದಕ್ಕ ನೀವೇನ್ ಮಾಡ್ತೀರಿ. ಥ್ಯಾಂಕ್ಸ್ ರೀ ನಿಮಗ" ಎಂದು ನನ್ನ ಕೈ ಹಿಡಿದುಕೊಂಡರು.

ಐದು ದಿನ ಸರ್ ಕಣ್ಣಿಗೆ ಬೀಳದೆ ಓಡಾಡಿದೆ. ಲೋಕಲ್ ರೈಲಿನಲ್ಲಿ ಹಿಂದಿನ ಸೀಟಿನಿಂದ ಕನ್ನಡ ಕೇಳಿಸಿದರೆ ನನ್ನನ್ನೇ ಕುರಿತು ಮಾತಾಡುತ್ತಿದ್ದಾರೆ ಅನ್ನಿಸುವುದು. ಅಮ್ಮನ ಜೊತೆ ಮಾಟುಂಗಕ್ಕೆ ಹೋದಾಗ ಅಂಗಡಿಯ ಕನ್ನಡ ಬೋರ್ಡಿನತ್ತ ತಲೆಯೆತ್ತಲೂ ಧೈರ್ಯ ಬರಲಿಲ್ಲ. ಸಿಕ್ಕಿಬೀಳುವ ಭಯಕ್ಕಿಂತ, ಎಂದಿಗೂ ಸಿಕ್ಕಿಬೀಳದೇ ಹೋದರೆ ಎಂಬ ಭಯ ದೊಡ್ಡದಾಯಿತು. ಆರನೆಯ ದಿನ ಸರ್ ಮುಂದೆ ನಿಂತು ಎಲ್ಲವನ್ನೂ ಹೇಳಿದೆ.

ಅವರು ಕೇಳಿದ್ದು ಒಂದೇ: "ಆ ದಿನ ಅವರು ನಿಜವಾಗಿ ಹೇಳಿದ್ದೇನು?" ಎರಡನೆಯ ಸಲ, ಒಂದು ಪದವನ್ನೂ ಬಿಡದೆ ಅನುವಾದ ಮಾಡಿದೆ. "ಹೋಗಿ ಕರೆದುಕೊಂಡು ಬಾ" ಎಂದರು. "ಅವರು ಬಂದರೆ ನೀನೂ ಇರಬಹುದು."

ಜೋಗೇಶ್ವರಿಯಲ್ಲಿ ಮಾವಶಿ ಬಾಗಿಲಲ್ಲಿ ಕೂತು ಕೊತ್ತಂಬರಿ ಬಿಡಿಸುತ್ತಿದ್ದರು. ನಿಂತೇ ಹೇಳಿದೆ, ಕೂತರೆ ಹೇಳಲಾಗುತ್ತಿರಲಿಲ್ಲ. ಅವರ ಕೈ ನಿಂತಿತು. ಹಿಂದಿನ ವರ್ಕ್‌ಶಾಪಿನ ಯಂತ್ರ ಗುಂಯ್‌ಗುಡುತ್ತಲೇ ಇತ್ತು.

"ನಾ ನಿಮಗ ಥ್ಯಾಂಕ್ಸ್ ಹೇಳಿ ಬಂದಿದ್ನೆಲ್ರಿ" ಎಂದರು ಕೊನೆಗೆ.

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಅತ್ತು ಮುಗಿಯುವವರೆಗೆ ಕಾದು ಹೇಳಿದರು: "ಇಲಿಗೆ ಅಂಜ್ರಿ, ಅದಕ್ಕ ಹಲ್ಲದಾವ. ನನಗ್ಯಾಕ ಅಂಜಿದ್ರಿ? ಬರಂಗಿಲ್ಲ ಅಂದಿದ್ರ ಕಲಿಸ್ತಿದ್ನೆಲ್ಲ."

ಸೋಮವಾರ ಬಂದರು. ಬಾಟಲಿಯ ಮೇಲೆ ಕನ್ನಡ ಅಂಕಿಯೇ ಬರೆದರು. ಫ್ರಿಜ್ಜಿಗೆ ಇಡುವ ಮುನ್ನ ಪ್ರತಿಯೊಂದನ್ನೂ ನಾನು ಗಟ್ಟಿಯಾಗಿ ಓದಬೇಕೆಂಬುದು ಅವರ ಷರತ್ತು. ತಪ್ಪಿದರೆ ತಲೆಗೆ ಮೆಲ್ಲಗೆ ಮೊಟಕುವರು. ಅಂಕಿ ಮುಗಿದು ಅಕ್ಷರಕ್ಕೆ ಬಂದೆವು, ಅಕ್ಷರದಿಂದ ಅವರ ಹಳೆಯ ಕ್ಯಾಲೆಂಡರಿನ ಹಿಂಬದಿಯ ಪಂಚಾಂಗಕ್ಕೆ. ಆದರೆ ಕ್ಷಮಿಸಿದೆ ಎಂದು ಅವರು ಯಾವತ್ತೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕಳೆದ ಮಳೆಗಾಲದಲ್ಲಿ ಚಾಳಿನೊಳಗೆ ಮೊಣಕಾಲುದ್ದ ನೀರು ನಿಂತಿತ್ತು. ಮರುವಾರ ಅವರಿಗೆ ಜ್ವರ, ಕಣ್ಣು ಹಳದಿ. ಇಲಿಜ್ವರ ಎಂದರು ಡಾಕ್ಟರು. ಆ ನೀರಿನಿಂದ ಬಂತೋ ನಮ್ಮ ಬೋನುಗಳಿಂದಲೇ ಬಂತೋ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ನಾಲ್ಕನೆಯ ದಿನ ತೀರಿಹೋದರು.

ಇದು ನಾನು ಕನ್ನಡದಲ್ಲಿ ಬರೆದ ಮೊದಲ ಬರಹ. ಕಾಗುಣಿತ ಎಲ್ಲಿ ತಪ್ಪಿದೆಯೋ ಎಂಬ ಹೆದರಿಕೆಯಿಂದ ಮೊನ್ನೆ ಲ್ಯಾಬಿಗೆ ಒಯ್ದಿದ್ದೆ. ಒಯ್ದ ಮೇಲೆ ನೆನಪಾಯಿತು: ಅಲ್ಲಿ ಇದನ್ನು ಓದಬಲ್ಲವರು ಮಾವಶಿ ಒಬ್ಬರೇ ಇದ್ದರು.