ರಾಕ್ಷಸನ ಜೀವ ಎಲ್ಲೈತಿ?

“ತಮ್ಮಾ, ರಾಕ್ಷಸನ ಜೀವ ಎಲ್ಲೈತಿ?” ಎಂದು ಬಸಣ್ಣ ನನ್ನ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಹೆಬ್ಬಗೋಡಿಯ ನಮ್ಮ ವಠಾರದಲ್ಲಿ ಪಕ್ಕದ ರೂಮಿನವರು, ಯಾದಗಿರಿ ಕಡೆಯ ಗಾರೆ ಮೇಸ್ತ್ರಿ. ಮರುದಿನ ಶಾಲೆಯ ಕಥಾಸ್ಪರ್ಧೆಗೆ ಕೊಡಬೇಕಿದ್ದ ನನ್ನ ಮಹಾಕೃತಿಯ ಮೊದಲ ಶ್ರೋತೃ.

“ಎದೇಲೇ ಇದೆ ಬಸಣ್ಣ. ಏಳು ಸಮುದ್ರದಾಚೆ ಗಿಣಿಯೊಳಗೆ ಜೀವ ಇಡೋದೆಲ್ಲ ಹಳೇ ಸ್ಟಾಕು. ನಂದು ಹೊಸ ಥರ!”

“ಎದಿಯಾಗಿದ್ರ ಒಂದ ಹೊಡೆತಕ್ಕ ಸಾಯ್ತಾನ. ಹನ್ನೆರಡು ಪುಟ ಯಾಕ ಬರದಿ?”

ವಿಶ್ವಸಾಹಿತ್ಯದಲ್ಲೇ ಇಷ್ಟು ಕ್ರೂರ ವಿಮರ್ಶೆ ಬಂದಿರಲಾರದು. ಹಲ್ಲು ಕಚ್ಚಿಕೊಂಡು ಗಿಣಿಯನ್ನು ಸಮುದ್ರದಾಚೆ ಕೂರಿಸಿ, ಸಂಜೆ ಮತ್ತೆ ಓದಿದೆ. ರಾಜಕುಮಾರ ಅದರ ಕುತ್ತಿಗೆ ಮುರಿಯುವಷ್ಟರಲ್ಲಿ ಬಸಣ್ಣನ ಒಲೆಯ ಮೇಲೆ ಅನ್ನ ಸೀದು ಇದ್ದಿಲಾಗಿತ್ತು.

“ಕೊನೆ ನಿಮಗೆ ಗೊತ್ತೇ ಇತ್ತಲ್ಲ?” ಎಂದೆ.

“ಗೊತ್ತಿತ್ತಪಾ. ಆದ್ರೂ ಎಲ್ಲಿ ಗಿಣಿ ಹಾರಿ ಹೋಗ್ತದೋ ಅಂತ ನನ್ನ ಜೀವ ಬಾಯಿಗೆ ಬಂದಿತ್ತು.”

ಕಥೆಗೆ ಮೊದಲ ಬಹುಮಾನ ಬಂತು. ಮೇಷ್ಟ್ರು ಎಲ್ಲರೆದುರು, “ಗಿಣಿಯೊಳಗೆ ಜೀವ! ಎಂಥ ಹೊಸ ಕಲ್ಪನೆ!” ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಮೇಷ್ಟ್ರನ್ನು ತಿದ್ದುವಷ್ಟು ದೊಡ್ಡವನು ನಾನಲ್ಲ.